ದೀಪದ ಕಾವಲುಗಾರ ಏನು ಮಾಡಿದ

ನೋಟ್ಸಿನಲ್ಲಿ ನಾಟಕದ ಮೂರನೆಯ ಅಂಕ ಮುಗಿದ ಕಡೆ ಹುಡುಗಿ ಕೆಲವು ಹಾಳೆಗಳನ್ನು ಖಾಲಿ ಬಿಟ್ಟಿದ್ದಳು. ಆಮೇಲೆ ತುಂಬಿಸಿಕೊಳ್ಳಬಹುದೆಂಬ ಅಂದಾಜಿನಲ್ಲಿ ಬಿಟ್ಟ ಹಾಳೆಗಳು ಅವು. ಅವುಗಳ ಆಚೆ ಐದನೆಯ ಅಂಕ ಮತ್ತೆ ಅವಳ ಬರವಣಿಗೆಯಲ್ಲೇ ಶುರುವಾಗುತ್ತಿತ್ತು. ಅಕ್ಷರ ಮಾತ್ರ ಮೊದಲಿನಷ್ಟು ಗುಂಡಗಿರಲಿಲ್ಲ. ನಡುವೆ ಅವಳ ತಾಯಿ ಸತ್ತಿದ್ದಳು.

ಪರೀಕ್ಷೆ ಹತ್ತಿರವಾಗಿತ್ತು. ಉಳಿದ ವಿಷಯಗಳ ಬಗ್ಗೆ ಅವಳಿಗೆ ಭಯವಿರಲಿಲ್ಲ. ಸಾಹಿತ್ಯದ ಪತ್ರಿಕೆಯಲ್ಲಿ ಮಾತ್ರ ಹೆಚ್ಚಿನ ಪ್ರಶ್ನೆಗಳು ಈ ಒಂದು ನಾಟಕದ ಮೇಲೆಯೇ ಬರಲಿದ್ದವು. ನಾಟಕ ಆ ವರ್ಷ ಹೊಸದಾಗಿ ಪಠ್ಯವಾದದ್ದು. ಅಂಗಡಿಗಳಿಗೆ ಪುಸ್ತಕ ಬಂದಿರಲಿಲ್ಲ, ಗೈಡೂ ಇರಲಿಲ್ಲ. ಶಾಲೆಗೆ ಬಂದ ಒಂದೇ ಪ್ರತಿಯನ್ನು ಸಾಹಿತ್ಯದ ಮೇಡಂ ತರಗತಿಯಲ್ಲಿ ಓದಿ, ಅರ್ಥ ಹೇಳಿ, ನೋಟ್ಸು ಬರೆಸಿದ್ದರು. ಈಗ ಅವರು ಪರೀಕ್ಷೆಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಪುಸ್ತಕವೂ ಅವರ ಚೀಲದಲ್ಲಿ ಹೋಗಿತ್ತು. ಹೊರಡುವ ದಿನ ಹುಡುಗಿ ಹೋಗಿ ಕೇಳಿದಾಗ ಅವರು, “ಕ್ಲಾಸಿಗೆ ಬಂದಿದ್ದವರದ್ದು ಯಾರದಾದ್ರೂ ಇಸ್ಕೊಂಡು ಬರ್ಕೊಂಬಿಡು. ನಾಲ್ಕನೇ ಅಂಕ ಬಿಟ್ರೆ ಏನೂ ಉಳಿಯಲ್ಲ, ಗೊತ್ತಾಯ್ತಾ?” ಎಂದಿದ್ದರು.

ಪಾಸಾದರೆ ಅವಳು ಶಿಕ್ಷಕರ ತರಬೇತಿ ಕಾಲೇಜಿಗೆ ಸೇರುವಳು. ಅಲ್ಲಿ ವಸತಿ, ಊಟ ಎಲ್ಲವೂ ಕಾಲೇಜಿನದೇ. ಆದರೆ ಎಲ್ಲ ವಿಷಯಗಳನ್ನೂ ಒಂದೇ ಸಲಕ್ಕೆ ಪಾಸು ಮಾಡಿದವರಿಗಷ್ಟೇ ಪ್ರವೇಶ. ಪಾಸಾಗದಿದ್ದರೆ ಅವಳಿಗೆ ಬೇರೊಂದು ಜಾಗ ಸಿದ್ಧವಾಗಿತ್ತು. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಕೆಲಸದಲ್ಲಿರುವಾಗ ಸತ್ತವರ ಜಾಗವನ್ನು ಮನೆಯವರಿಗೆಂದು ಸ್ವಲ್ಪ ಕಾಲ ಕಾದಿರಿಸುವುದು ಅಲ್ಲಿನ ಪದ್ಧತಿ. ಫಲಿತಾಂಶ ಬರುವವರೆಗೆ ಕಾಯುವಂತೆ ಸೋದರತ್ತೆ ಮೇಲ್ವಿಚಾರಕನನ್ನು ಒಪ್ಪಿಸಿದ್ದಳು. ಒಪ್ಪಿಸಿದ್ದಳೇ ಹೊರತು, ತಮ್ಮನ ಮಗಳು ಅಲ್ಲಿಗೆ ಬರಲಿ ಎಂಬ ಆಸೆ ಅವಳಿಗಿರಲಿಲ್ಲ. ಅವಳೂ ಅದೇ ಲಾಂಡ್ರಿಯವಳು. ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದಂದಿನಿಂದ ನಾದಿನಿಯ ಪಕ್ಕದಲ್ಲಿ ನಿಂತು ಕುದಿಯುವ ಹಂಡೆಗಳಿಂದ ಹಾಸಿಗೆಯ ಬಟ್ಟೆಗಳನ್ನು ಕೋಲಿನಿಂದ ಎತ್ತಿದ್ದಳು. ಒಗೆಯುವ ಸೋಡಾ ತಗುಲಿ ತಗುಲಿ ಅವಳ ಬೆರಳ ತುದಿಗಳು ಬಿರುಕುಬಿಟ್ಟು ಕಪ್ಪಾಗಿದ್ದವು.

“ನಿಮ್ಮಮ್ಮ ಮಲಗಿದ್ದ ಹಾಸಿಗೆ ಬಟ್ಟೆನ ಮಾರನೇ ದಿನ ನಾನೇ ಒಗೆದಿದ್ದೀನಿ,” ಎಂದು ಅವಳು ಒಮ್ಮೆ ಹೇಳಿದ್ದಳು. “ಯಾರದ್ದು ಅಂತ ಕೇಳ್ಕೊಂಡು ಒಗೆಯೋ ಕೆಲಸ ಅಲ್ಲ ಅದು. ಆದ್ರೆ ಗೊತ್ತಾಗ್ಬಿಡತ್ತೆ. ನಿನಗೆ ಬೇಡಮ್ಮ ಅದು. ಓದ್ಕೊ.”

ಓದಲು ನೋಟ್ಸು ಬೇಕು. ಅದಕ್ಕೆ ಅಡ್ಡ ಬಂದವನು ತಂದೆ.

ತಂದೆ ಸರ್ಕಾರಿ ಮೋಜಣಿದಾರ, ಭೂಮಿ ಅಳೆಯುವವನು. ಸರಪಳಿ, ಬಾವುಟ, ಕೋನ ನೋಡುವ ಯಂತ್ರ ಇವುಗಳೊಂದಿಗೆ ಬಯಲಿನಲ್ಲಿ ಆಯುಷ್ಯ ಕಳೆದಿದ್ದ. ಮನೆಯ ಗೋಡೆಗೆ ಮೊಳೆ ಹೊಡೆಯಬೇಕಾದರೂ ಎರಡು ಮೂಲೆಗಳಿಂದ ಅಳೆದು ಗುರುತು ಹಾಕುತ್ತಿದ್ದ. ಅವನ ವೃತ್ತಿಯಲ್ಲಿ ಬೇರೆ ತಪ್ಪುಗಳಿಗೆ ಕ್ಷಮೆಯಿತ್ತು. ಇನ್ನೊಬ್ಬನ ಅಳತೆಯನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುವುದಕ್ಕೆ ಇರಲಿಲ್ಲ. ಅವನ ಜೊತೆಗಾರನೊಬ್ಬ ಹಿಂದೆ ಜಾಗಕ್ಕೇ ಹೋಗದೆ, ಮರದ ನೆರಳಿನಲ್ಲಿ ಕುಳಿತು ಹಳೆಯ ಅಳತೆಗಳನ್ನು ನಕಲು ಮಾಡಿದ್ದ. ಅಣ್ಣತಮ್ಮಂದಿರಿಬ್ಬರ ಜಮೀನಿನ ನಡುವೆ ಗೋಡೆ ತಪ್ಪು ಕಡೆ ಎದ್ದಿತು. ಅದು ಬೀಳುವ ಹೊತ್ತಿಗೆ ತಮ್ಮ ಮಸಣ ಸೇರಿದ್ದ, ಅಣ್ಣ ಸೆರೆಮನೆ ಸೇರಿದ್ದ. ಮನೆಯಲ್ಲಿ ಈ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು.

ರಜೆಯ ಮಧ್ಯಾಹ್ನ. ಹುಡುಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ಎಲ್ಲಿಗೆ?” ಎಂದ ತಂದೆ.

“ಗಿಣಿ ಮನೆಗೆ. ನಾಲ್ಕನೇ ಅಂಕ ಬರ್ಕೊಂಡು ಬಂದ್ಬಿಡ್ತೀನಪ್ಪ.”

ಗಿಣಿ ಎಂದರೆ ಅವಳ ಬೆಂಚಿನ ಜೊತೆಗಾತಿ. ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಸುತ್ತಿದ್ದುದರಿಂದ ಆ ಹೆಸರು.

“ಅವಳು ಬರೆದದ್ದನ್ನ ನೀನು ಬರ್ಕೊಂಡ್ರೆ ಅದು ನಿಂದು ಆಗತ್ತಾ?”

“ಮೇಡಮ್ಮೇ ಹೇಳಿದ್ರು, ಅಪ್ಪಾ.”

“ಮೇಡಂ ಹೇಳ್ಬಹುದು. ಪರೀಕ್ಷೆ ಹಾಲಿನಲ್ಲಿ ಪಕ್ಕದವಳದ್ದು ನೋಡಿದ್ರೆ ಹೊರಗೆ ಕಳಿಸ್ತಾರೆ. ಮನೆಯಲ್ಲಿ ನೋಡಿದ್ರೆ ಓದು ಅಂತಾರೆ. ಜಾಗ ಬದಲಾದ್ರೆ ಕೆಲಸ ಬದಲಾಗತ್ತಾ?”

ಅಡುಗೆಮನೆಯ ಬಾಗಿಲಲ್ಲಿ ಕುಳಿತು ತರಕಾರಿ ಹೆಚ್ಚುತ್ತಿದ್ದ ಸೋದರತ್ತೆ ತಲೆಯೆತ್ತಿದಳು.

“ಅಯ್ಯೋ, ಶುರು ಆಯ್ತು. ಮಗು ಅಮ್ಮನ ಹಾಸಿಗೆ ಪಕ್ಕ ಕೂತಿದ್ದಕ್ಕೆ ತಾನೇ ಕ್ಲಾಸು ತಪ್ಪಿದ್ದು? ಆಟ ಆಡೋಕೆ ಹೋಗಿದ್ಲಾ? ಕಳಿಸೋ ಸುಮ್ನೆ.”

“ಅಕ್ಕಾ, ಇದು ನಿನಗೆ ಅರ್ಥ ಆಗಲ್ಲ.”

“ಆಗಲ್ಲ ಬಿಡು. ನಿನ್ನ ಸರಪಳಿ ಎಳೆದು ಅಳೆಯೋಕೆ ನಾಟಕ ಏನು ಗದ್ದೆನಾ? ಉಪ್ಪಿನ ಡಬ್ಬಕ್ಕೂ ಗಡಿಕಲ್ಲು ನೆಡೋನು ನೀನು.”

ತಂದೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮಗಳನ್ನು ಮೇಜಿನ ಹತ್ತಿರ ಕರೆದು ಒಂದು ಹಾಳೆಯ ಮೇಲೆ ಗೆರೆ ಎಳೆಯತೊಡಗಿದ. ಅರ್ಧಕ್ಕೆ ನಿಲ್ಲಿಸಿ ಅಲ್ಲೊಂದು ವಕ್ರವಾದ ವೃತ್ತ ಬರೆದ.

“ಅಳತೆ ಗೆರೆಗೆ ಅಡ್ಡ ಕೆರೆ ಬಂತು ಅನ್ಕೊ. ನೀರಲ್ಲಿ ಸರಪಳಿ ಹಾಸೋಕಾಗಲ್ಲ. ಏನ್ ಮಾಡ್ತೀವಿ?”

“ಈ ದಡದಲ್ಲಿ ನಿಂತು ಆ ದಡದ ಬಾವುಟ ನೋಡ್ತೀರಿ.”

“ಆಮೇಲೆ?”

“ಕೋನ ತಗೊಂಡು ಲೆಕ್ಕ ಹಾಕ್ತೀರಿ.”

“ಅಷ್ಟೇ. ನೀರಿಗೆ ಇಳಿಯಲ್ಲ, ಇನ್ನೊಬ್ಬನ ಪುಸ್ತಕಾನೂ ನೋಡಲ್ಲ. ಈ ಕಡೆ ಮೂರು ಅಂಕ ಇದೆ. ಆ ಕಡೆ ಐದನೇದು ಇದೆ. ಮಧ್ಯದ್ದು ಎಲ್ಲಿಗೂ ಓಡಿಹೋಗಿಲ್ಲ. ತಗೊಂಡು ಬಾ ನೋಟ್ಸು.”

ಹುಡುಗಿ ಚಪ್ಪಲಿ ಬಿಟ್ಟಳು.

ನಾಟಕ ದೀಪಸ್ತಂಭವೊಂದರ ಕಾವಲುಗಾರನದು. ಮೊದಲನೆಯ ಅಂಕದಲ್ಲಿ ಅವನು ಕೆಲಸಕ್ಕೆ ಸೇರುತ್ತಾನೆ. ಗೋಡೆಗೆ ತೂಗುಹಾಕಿದ ನಿಯಮಾವಳಿಯ ಮುಂದೆ ನಿಂತು, ದೀಪದ ವಿಷಯದಲ್ಲಿ ತಪ್ಪುವುದಿಲ್ಲವೆಂದು ಪ್ರಮಾಣ ಮಾಡುತ್ತಾನೆ. ಎರಡನೆಯದರಲ್ಲಿ ಎಣ್ಣೆ ತರುವ ದೋಣಿ ಬರುವುದಿಲ್ಲ. ಸ್ತಂಭದ ದೀಪಕ್ಕೆ ಕೊರತೆಯಾಗಬಾರದೆಂದು ಅವನು ಮನೆಯ ದೀಪ ಆರಿಸುತ್ತಾನೆ. ಹೆಂಡತಿ ಕತ್ತಲೆಯಲ್ಲಿ ಅಡುಗೆ ಮಾಡುತ್ತಾಳೆ. ಮೂರನೆಯದರಲ್ಲಿ ಊರಿನ ಮೀನುದೋಣಿಗಳು ಸಮುದ್ರದಲ್ಲಿರುವಾಗ ಬಿರುಗಾಳಿ ಎದ್ದಿದೆ, ಎಣ್ಣೆ ತಳ ಕಂಡಿದೆ. ಅಲ್ಲಿಗೆ ಪರದೆ. ಆಮೇಲೆ ಖಾಲಿ ಹಾಳೆಗಳು. ಐದನೆಯ ಅಂಕದಲ್ಲಿ ಬೆಳಗಾಗಿದೆ. ಊರವರು ದಂಡೆಯ ಮೇಲೆ ಎರಡು ಸಾಲಾಗಿ ನಿಂತಿದ್ದಾರೆ. ಕಾವಲುಗಾರ ಸ್ತಂಭದಿಂದ ಇಳಿದು ಅವರ ನಡುವೆ ಹಾದು ಮನೆಗೆ ಹೋಗುತ್ತಾನೆ. ಯಾರೂ ಒಂದು ಮಾತನ್ನೂ ಆಡುವುದಿಲ್ಲ. ನಾಟಕ ಅಲ್ಲಿಗೆ ಮುಗಿಯುತ್ತದೆ. ಇದರ ಕೆಳಗೆ ಹುಡುಗಿ ಗೆರೆ ಎಳೆದು ಬರೆದುಕೊಂಡಿದ್ದಳು: “ಊರವರ ಮೌನ: ಪರೀಕ್ಷೆಗೆ ಬಂದೇ ಬರುತ್ತದೆ. ಕಾರಣ: ನಾಲ್ಕನೆಯ ಅಂಕದಲ್ಲಿ ನೋಡಿದಂತೆ.”

ನೋಡಿದವರಿಗೆ ಅಷ್ಟು ಸಾಕಾಗಿತ್ತು.

ತಂದೆ ಆ ಸಾಲುಗಳನ್ನು ಓದಿ, ಮೊದಲಿನಿಂದ ಮತ್ತೆ ಓದಿ, ಸಾಕ್ಷಿಯನ್ನು ಪ್ರಶ್ನಿಸುವಂತೆ ಪ್ರಶ್ನಿಸಿದ. ಕಾವಲುಗಾರ ಹಿಂದೆ ಎಲ್ಲಾದರೂ ಮಾತು ತಪ್ಪಿದ್ದಾನೆಯೇ? ಇಲ್ಲ. ತನ್ನ ಮನೆಯೋ ದೀಪವೋ ಎಂದಾಗ ಯಾವುದನ್ನು ಆರಿಸಿಕೊಂಡಿದ್ದಾನೆ? ದೀಪವನ್ನು. ಕೊನೆಗೆ ಬೆಳಗ್ಗೆ ಎಲ್ಲಿಂದ ಇಳಿದುಬರುತ್ತಾನೆ? ಸ್ತಂಭದಿಂದ. ಅಂದರೆ ರಾತ್ರಿಯೆಲ್ಲ ಅಲ್ಲಿಯೇ ಇದ್ದ.

“ಎಣ್ಣೆ ಮುಗೀತು. ಮನುಷ್ಯ ಮುಗಿದಿಲ್ಲ,” ಎಂದ ತಂದೆ. “ಇನ್ನೇನಿದೆ ಅವನ ಹತ್ತಿರ? ಮನೆ ಇದೆ. ಬಾಗಿಲು, ಕಿಟಕಿ, ಮಂಚ. ಎಲ್ಲಾ ಒಡೆದು ಮೇಲಕ್ಕೆ ಹೊತ್ತು ಸುಡ್ತಾನೆ. ಗೆರೆ ಸೀದಾ ಅಲ್ಲಿಗೇ ಹೋಗತ್ತೆ, ನೋಡು.”

ಅವನ ಧ್ವನಿಯಲ್ಲಿ ಹುಡುಗಿ ಎಂದೂ ಕೇಳದ ಬಿಸುಪು ಇತ್ತು. ಅವಳು ಖಾಲಿ ಹಾಳೆಯ ಮೇಲೆ ಬರೆದುಕೊಂಡಳು: ಬಾಗಿಲು, ಕಿಟಕಿ, ಮಂಚ. ಬರೆಯುತ್ತಿದ್ದಂತೆ ಒಂದು ಅನುಮಾನ ಬಂದಿತು.

“ಅಪ್ಪಾ, ಹಾಗಿದ್ರೆ ಊರವರು ಅವನನ್ನ ಹೊತ್ಕೊಂಡು ಕುಣೀಬೇಕಿತ್ತಲ್ಲ? ಸುಮ್ನೆ ಯಾಕೆ ನಿಂತ್ರು?”

“ಗೌರವ ಜಾಸ್ತಿ ಆದ್ರೆ ಮಾತು ಹೊರಡಲ್ಲ. ಯೋಚನೆ ಮಾಡು. ನಿಮ್ಮಮ್ಮ ಹೋದಾಗ ನಾನು ಬಂದೆನಲ್ಲ, ನೀನಾಗಲಿ ನಿಮ್ಮತ್ತೆಯಾಗಲಿ ಒಂದು ಮಾತಾಡಿದ್ರಾ? ಇಲ್ಲ. ನನ್ನ ಕಷ್ಟ ನಿಮಗೆ ಅರ್ಥ ಆಗಿತ್ತು. ಇದೂ ಹಾಗೇ.”

ಅಡುಗೆಮನೆಯ ಬಾಗಿಲಲ್ಲಿ ಚಾಕುವಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ನಡೆದದ್ದು ಇಷ್ಟು. ತಾಯಿಯ ಸ್ಥಿತಿ ಕೈಮೀರಿದ ದಿನ ಬೆಳಗ್ಗೆಯೇ ಸೋದರತ್ತೆ ಮೋಜಣಿ ಕಚೇರಿಗೆ ಹೇಳಿಕಳಿಸಿದ್ದಳು. ಕಚೇರಿಯ ಜವಾನ ಸೈಕಲ್ಲಿನಲ್ಲಿ ಬಯಲಿಗೆ ಹೋಗಿ ಸುದ್ದಿ ಮುಟ್ಟಿಸಿದ್ದ: ಇವತ್ತೇ ಬರಬೇಕಂತೆ. ತಂದೆ ಆಗ ಒಂದು ಉದ್ದದ ಅಳತೆಯ ನಡುವೆ ಇದ್ದ. ಅರ್ಧಕ್ಕೆ ಬಿಟ್ಟ ಗೆರೆಯನ್ನು ಮತ್ತೆ ಮೊದಲ ಕಲ್ಲಿನಿಂದಲೇ ಶುರುಮಾಡಬೇಕೆಂಬುದು ನಿಯಮ. ಆ ಗೆರೆಗಾಗಿ ಎರಡು ಕಡೆಯ ಜನ ಬಂದು ನಿಂತಿದ್ದರು. ಅವನು ಗೆರೆ ಮುಗಿಸಿದ. ಮುಗಿಸುವಷ್ಟರಲ್ಲಿ ಕತ್ತಲಾಗಿ ಕೊನೆಯ ಬಸ್ಸು ಹೋಗಿತ್ತು. ಮರುದಿನ ಬಂದ. ಅಷ್ಟರಲ್ಲಿ ಆಸ್ಪತ್ರೆಯ ಮಂಚಕ್ಕೆ ಬೇರೆ ರೋಗಿ ಬಂದಿದ್ದಳು. ಕಾರಿಡಾರಿನಲ್ಲಿ ನಿಂತಿದ್ದ ಅಕ್ಕನಿಗೂ ಮಗಳಿಗೂ ಅವನು, “ಗೆರೆ ಬಿಟ್ಟು ಬರೋ ಹಾಗಿರಲಿಲ್ಲ,” ಎಂದ. ಅವರು ಉತ್ತರ ಕೊಡಲಿಲ್ಲ. ಹಿಂದಿನ ದಿನವೆಲ್ಲ ಬಾಗಿಲ ಹೊರಗೆ ಹೆಜ್ಜೆಯ ಸದ್ದಾದಾಗಲೆಲ್ಲ ತಾಯಿ, “ಬಂದ್ರಾ?” ಎಂದು ಕೇಳಿದ್ದಳೆಂಬುದನ್ನು ಅವನಿಗೆ ಆಗಲೂ ಯಾರೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಸಾಹಿತ್ಯದ ಪರೀಕ್ಷೆಯ ಹಿಂದಿನ ಸಂಜೆ ಗಿಣಿ ತಾನಾಗಿಯೇ ಬಂದಳು. ಎದೆಗೆ ನೋಟ್ಸು ಅವುಚಿಕೊಂಡಿದ್ದಳು. ಬಾಗಿಲು ತೆರೆದದ್ದು ತಂದೆ.

“ಅಂಕಲ್, ಅವಳು ಬರ್ತಾಳೆ ಬರ್ತಾಳೆ ಅಂತ ಕಾದೆ, ಬರಲೇ ಇಲ್ಲ. ನಂದೆಲ್ಲ ಓದಿ ಮುಗೀತು. ಇದನ್ನ ಕೊಟ್ಬಿಡಿ. ಮೇಡಂ ಹೇಳಿದ್ದು ಒಂದಕ್ಷರ ಬಿಟ್ಟಿಲ್ಲ. ಅವರು ಕೆಮ್ಮಿದ್ದನ್ನೂ ಬರ್ಕೊಂಡಿದ್ದೀನಿ, ಬೇಕಾದ್ರೆ ನೋಡಿ.”

“ಬೇಡಮ್ಮ. ಅವಳದ್ದು ತಯಾರಾಗಿದೆ.”

“ನಾಲ್ಕನೇ ಅಂಕಾನೂ? ಯಾರದ್ದು ನೋಡಿದ್ಲು?”

“ಯಾರದ್ದೂ ನೋಡಿಲ್ಲ.”

ಗಿಣಿಗೆ ಇದು ಅರ್ಥವಾಗಲಿಲ್ಲ. ತಂದೆಯ ತೋಳಿನಾಚೆ ಇಣುಕಿ ನೋಡಿದಳು. ಹುಡುಗಿ ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲಿ ಬಂದು ನಿಂತಿದ್ದಳು.

“ಏಯ್, ಸುಮ್ನೆ ಕೇಳಿಸ್ಕೊ, ಬಾಯಲ್ಲೇ ಹೇಳ್ಬಿಡ್ತೀನಿ. ಕಾವಲುಗಾರ ಮೇಲೆ ಹೋಗ್ತಾನಲ್ಲ, ಆಗ—”

“ಬೇಡ ಅಂದೆನಲ್ಲ,” ಎಂದ ತಂದೆ. ಗದರಲಿಲ್ಲ, ಆದರೂ ಗಿಣಿ ಒಂದು ಮೆಟ್ಟಿಲು ಕೆಳಗಿಳಿದಳು. “ಒಳ್ಳೆ ಮನಸ್ಸಿನಿಂದ ಬಂದಿದ್ದೀಯ. ಆದ್ರೆ ಅವಳ ಕೆಲಸ ಅವಳು ಮಾಡ್ಕೊಂಡಿದ್ದಾಳೆ. ಹೋಗಮ್ಮ, ನಿಮ್ಮನೇಲಿ ಕಾಯ್ತಿರ್ತಾರೆ.”

ಗಿಣಿ ಗೆಳತಿಯ ಮುಖ ನೋಡಿದಳು. ಹುಡುಗಿ ಒಂದು ಮಾತಾಡಿದ್ದರೆ ಸಾಕಿತ್ತು. ಅವಳು ಕೈ ಒರೆಸಿಕೊಳ್ಳುತ್ತ ನಿಂತಳು. ಗಿಣಿ ನೋಟ್ಸನ್ನು ಮತ್ತೆ ಅವುಚಿಕೊಂಡು ಹೊರಟುಹೋದಳು.

ತಂದೆ ಸ್ನಾನಕ್ಕೆ ಹೋದ ಮೇಲೆ ಸೋದರತ್ತೆ ಪಿಸುಗುಟ್ಟಿದಳು.

“ಹಿತ್ತಲ ಬಾಗಿಲಿಂದ ಓಡು. ಮೂಲೆ ತಿರುಗೋಷ್ಟರಲ್ಲಿ ಸಿಗ್ತಾಳೆ. ನಾನು ಇವನಿಗೆ ಏನಾದ್ರೂ ಹೇಳ್ತೀನಿ.”

“ಬೇಡ ಅತ್ತೆ.”

“ಏನೇ ಬೇಡ? ಅವನಿಗೆ ಹುಚ್ಚು, ನಿನಗೂ ಹುಚ್ಚಾ? ಆ ಹಬೆಯಲ್ಲಿ ಬಂದು ಬೇಯ್ತೀಯಾ?”

“ಅಪ್ಪ ಹೇಳಿದ್ದು ಸರಿ ಇರಬಹುದು.”

“ಇಲ್ದಿದ್ರೆ?”

ಹುಡುಗಿ ಪಾತ್ರೆಗಳ ಕಡೆ ಹೋದಳು. ಅಪ್ಪ ಹೇಳಿದ್ದು ಸರಿಯಿರಲಿ ಎಂದು ಅವಳಿಗೆ ಬೇಕಾಗಿತ್ತು. ಮಂಚ ಒಡೆದು ಹೊತ್ತೊಯ್ಯುವ ಆ ಕಾವಲುಗಾರ ಅವಳ ಮನಸ್ಸಿನಲ್ಲಿ ಅಪ್ಪನ ಮುಖ ಪಡೆದಿದ್ದ. ಗಿಣಿಯ ನೋಟ್ಸಿನಲ್ಲಿ ಬೇರೇನೋ ಇದ್ದರೆ ಆ ಮುಖ ಹೋಗುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಯಾರೂ ಇಂಥ ಲೆಕ್ಕ ಹಾಕಬಾರದು. ಅವಳು ಹಾಕಿದಳು.

ಪರೀಕ್ಷೆಯ ಕೋಣೆಯಲ್ಲಿ ಕಿಟಕಿಗಳನ್ನು ಅರ್ಧ ಮುಚ್ಚಿದ್ದರು. ಪ್ರಶ್ನೆಪತ್ರಿಕೆ ಎರಡು ಭಾಗಗಳಲ್ಲಿತ್ತು. ಮೊದಲನೆಯದನ್ನು ಮುಗಿಸಿ ಕೊಟ್ಟವರಿಗಷ್ಟೇ ಎರಡನೆಯದನ್ನು ಕೊಡಬೇಕೆಂದಾಗಲಿ, ಎರಡನ್ನೂ ಮೊದಲೇ ಓದಬಾರದೆಂದಾಗಲಿ ನಿಯಮವಿರಲಿಲ್ಲ. ಆದರೆ ಸಾಲಾಗಿ, ಒಂದಾದ ಮೇಲೆ ಒಂದರಂತೆ ಬಿಡಿಸಿಕೊಂಡು ಹೋಗುವುದು ತಂದೆ ಕಲಿಸಿದ ಕ್ರಮ. ಮುಂದಿನ ಲೆಕ್ಕ ನೋಡಿದರೆ ಈಗಿನದು ಕೆಡುತ್ತದೆ ಎನ್ನುತ್ತಿದ್ದ. ಅವಳು ಹಾಳೆ ತಿರುಗಿಸಿ ನೋಡಲಿಲ್ಲ.

ದೊಡ್ಡ ಪ್ರಶ್ನೆ ಅವಳು ಕಾದದ್ದೇ ಆಗಿತ್ತು: “ಐದನೆಯ ಅಂಕದಲ್ಲಿ ಊರವರ ಮೌನದ ಅರ್ಥವನ್ನು ವಿವರಿಸಿ.”

ಅವಳು ಬರೆದಳು. ಬಾಗಿಲು ಬಂದಿತು, ಕಿಟಕಿ ಬಂದಿತು, ಮಂಚ ಬಂದಿತು. ಹೆಂಡತಿ ತಾನೇ ಕೊಡಲಿ ತಂದುಕೊಟ್ಟಳೆಂದು ತನ್ನದೊಂದು ಮಾತನ್ನೂ ಸೇರಿಸಿದಳು. ಗೌರವ ಹೆಚ್ಚಾದಾಗ ಮಾತು ಹೊರಡುವುದಿಲ್ಲವೆಂದು ಮುಗಿಸಿದಳು. ಚೆನ್ನಾಗಿ ಬಂದಿತೆನಿಸಿತು. ಕೈ ಕೊಡವಿ ಹಾಳೆ ತಿರುಗಿಸಿದಳು.

ಎರಡನೆಯ ಭಾಗದ ಮೊದಲಲ್ಲಿ ನಾಟಕದ ತುಣುಕೊಂದನ್ನು ಅಚ್ಚು ಹಾಕಿ, ಕೆಳಗೆ ಸಣ್ಣ ಪ್ರಶ್ನೆಗಳನ್ನು ಕೊಟ್ಟಿದ್ದರು. ಮೇಲೆ “ನಾಲ್ಕನೆಯ ಅಂಕದಿಂದ” ಎಂದಿತ್ತು.

ಹೆಂಡತಿ: ದೋಣಿಯವರು ಕೂಗುತ್ತಿದ್ದಾರೆ. ನಿಮಗೆ ಕೇಳಿಸುತ್ತಿಲ್ಲವೆ?

ಕಾವಲುಗಾರ: ಕೇಳಿಸುತ್ತಿದೆ.

ಹೆಂಡತಿ: ಡಬ್ಬದಲ್ಲಿ ಎಣ್ಣೆ ಇದೆ. ನಾನೇ ನೋಡಿದ್ದೇನೆ.

ಕಾವಲುಗಾರ: ಅದು ಅಂಚೆ ಹಡಗು ಬರುವ ಹೊತ್ತಿಗೆ. ನಿಯಮದಲ್ಲಿ ಹಾಗೆಂದು ಬರೆದಿದೆ. ಇನ್ನೂ ಆ ಹೊತ್ತಾಗಿಲ್ಲ.

ಹೆಂಡತಿ: ಅಲ್ಲಿ ನಿಮ್ಮ ಊರವರು.

ಕಾವಲುಗಾರ: ಹೊತ್ತಾಗಿಲ್ಲ.

ಅವಳು ಅದನ್ನು ಓದಿದಳು. ಮೇಲ್ವಿಚಾರಕಿ ಸಾಲುಗಳ ನಡುವೆ ನಡೆದುಹೋದಳು. ಅವಳ ಹೆಜ್ಜೆಯ ಸದ್ದು ಆಸ್ಪತ್ರೆಯ ಕಾರಿಡಾರಿನ ಸದ್ದಿನಂತೆಯೇ ಇತ್ತು. ಬಂದ್ರಾ? ಇಲ್ಲಮ್ಮ, ನರ್ಸು. ಬಂದ್ರಾ? ಇಲ್ಲಮ್ಮ, ಪಕ್ಕದವರನ್ನು ನೋಡಲು ಬಂದವರು.

ಊರವರು ಏಕೆ ಮಾತಾಡಲಿಲ್ಲವೆಂಬುದು ಆಗ ಅವಳಿಗೆ ತಿಳಿಯಿತು. ಅದನ್ನು ತಿಳಿಯಲು ಅವಳಿಗೆ ಯಾರ ನೋಟ್ಸೂ ಬೇಕಾಗಿರಲಿಲ್ಲ. ಅವಳೇ ಆ ಸಾಲಿನಲ್ಲಿ ನಿಂತು ಬಂದಿದ್ದಳು.

ಅಳತೆಯ ಪುಸ್ತಕದಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಬೇಕು. ಚಿಕ್ಕಂದಿನಿಂದ ನೋಡಿದ ಪದ್ಧತಿ. ಅವಳು ಹಿಂದಕ್ಕೆ ತಿರುಗಿಸಿ, ದೊಡ್ಡ ಉತ್ತರದ ಒಂದೊಂದು ಸಾಲಿನ ಮೇಲೂ ಅಡಿಪಟ್ಟಿ ಇಟ್ಟು ಗೆರೆ ಎಳೆದಳು. ಇಡೀ ಹಾಳೆಗೆ ಒಂದು ಅಡ್ಡಗೆರೆ ಹಾಕಿದ್ದರೆ ಸಾಕಿತ್ತು. ಅದು ಅವಳಿಗೆ ಹೊಳೆಯಲಿಲ್ಲ. ಬಾಗಿಲಿನ ಮೇಲೆ ಗೆರೆ, ಕಿಟಕಿಯ ಮೇಲೆ ಗೆರೆ, ಮಂಚದ ಮೇಲೆ ಗೆರೆ. ಎಲ್ಲ ಗೆರೆಗಳೂ ನೇರವಾಗಿದ್ದವು. ಅಷ್ಟರಲ್ಲಿ ಬಹಳ ಹೊತ್ತು ಹೋಗಿತ್ತು.

ಆಮೇಲೆ ಹೊಸ ಹಾಳೆಯಲ್ಲಿ ಬರೆದಳು: “ಅವನು ತಪ್ಪು ಮಾಡಿರಲಿಲ್ಲ. ಆದ್ದರಿಂದ ಊರವರಿಗೆ ಅವನನ್ನು ಬೈಯಲು ಆಗಲಿಲ್ಲ. ಕ್ಷಮಿಸಲೂ ಆಗಲಿಲ್ಲ. ಏಕೆಂದರೆ”

ಗಂಟೆ ಹೊಡೆಯಿತು. ತುಣುಕಿನ ಕೆಳಗಿನ ಸಣ್ಣ ಪ್ರಶ್ನೆಗಳಿಗೆ ಅವಳು ಉತ್ತರವನ್ನೇ ಬರೆದಿರಲಿಲ್ಲ.

ಮನೆಯಲ್ಲಿ ತಂದೆ ಬಾಗಿಲಲ್ಲಿಯೇ ಕಾದಿದ್ದ.

“ಮೌನ ಬಂದಿತ್ತಾ?”

“ಬಂದಿತ್ತು.”

“ನಾವು ಹಾಕಿದ ಲೆಕ್ಕದ ಹಾಗೇ ಬರೆದ್ಯಾ?”

“ಬರೆದೆ, ಅಪ್ಪಾ.”

“ಮತ್ತೆ? ನೋಡಿದ್ಯಾ ಅಕ್ಕಾ?” ಎಂದು ಅವನು ಒಳಗೆ ಕೂಗಿ ಹೇಳಿದ. ಹುಡುಗಿ ಅವನ ಪಕ್ಕದಿಂದ ಹಾದು ಒಳಗೆ ಹೋದಳು. ದಣಿದಿದ್ದಾಳೆ ಎಂದುಕೊಂಡು ಅವನು ಮತ್ತೇನೂ ಕೇಳಲಿಲ್ಲ.

ಫಲಿತಾಂಶ ಬಂದಿತು. ಉಳಿದೆಲ್ಲ ವಿಷಯಗಳಲ್ಲಿ ಒಳ್ಳೆಯ ಮಾರ್ಕ್ಸು, ಸಾಹಿತ್ಯದಲ್ಲಿ ಫೇಲು. ಕಾಲೇಜಿನ ಪಟ್ಟಿಯಲ್ಲಿ ಗಿಣಿಯ ಹೆಸರಿತ್ತು. ಮುಂದಿನ ವಾರದ ಮೊದಲ ದಿನ ಬೆಳಗ್ಗೆ ಸೋದರತ್ತೆ ನಾದಿನಿಯ ಹಳೆಯ ಸಮವಸ್ತ್ರವನ್ನು ಪೆಟ್ಟಿಗೆಯಿಂದ ತೆಗೆದು, ಸೊಂಟದ ಕಡೆ ಹಿಡಿದು ಹೊಲಿದುಕೊಟ್ಟಳು. ಇಬ್ಬರೂ ಒಟ್ಟಿಗೆ ಹೊರಟರು.

ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ಲೆಕ್ಕ ಸರಿಯಿದ್ದ ಮೇಲೆ ಉತ್ತರ ತಪ್ಪಾಗಿರಬೇಕಾದರೆ ತಿದ್ದಿದವರಲ್ಲಿ ದೋಷವಿರಬೇಕು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಗೆ ಹೋದ. ಸಾಹಿತ್ಯದ ಮೇಡಂ ಊರಿಗೆ ಮರಳಿದ್ದರು.

“ಮರುಪರಿಶೀಲನೆಗೆ ಹಾಕ್ಬೇಕು ಮೇಡಂ. ಮೌನದ ಪ್ರಶ್ನೆಗೆ ಮಗಳು ಸರಿಯಾಗೇ ಬರೆದಿದ್ದಾಳೆ. ನಾನೇ ಕೂತು ತಯಾರು ಮಾಡಿಸಿದ್ದು.”

“ಒಳ್ಳೇದು. ಏನಂತ ಬರೆಸಿದ್ರಿ?”

ಅವನು ಹೇಳಿದ. ಎಣ್ಣೆ ಮುಗಿದದ್ದು, ಬಾಗಿಲು ಒಡೆದದ್ದು, ಮಂಚ ಸುಟ್ಟದ್ದು.

“ಇದು ಎಲ್ಲಿ ಸಿಕ್ತು ನಿಮಗೆ?”

“ಸಿಕ್ಕಿದ್ದಲ್ಲ. ಲೆಕ್ಕ ಹಾಕಿದ್ದು. ಮೂರು ಅಂಕ ಆದ ಮೇಲೆ ಮನುಷ್ಯ ಎಂಥವನು ಅಂತ ಗೊತ್ತಾಗತ್ತಲ್ಲ.”

ಮೇಡಂ ಚೀಲದಿಂದ ತೆಳ್ಳಗಿನ ಪುಸ್ತಕವೊಂದನ್ನು ತೆಗೆದು, ಹಾಳೆ ಹುಡುಕಿ, ತೆರೆದೇ ಕೊಟ್ಟರು.

“ನನಗೆ ಈಗ ಕ್ಲಾಸಿದೆ. ಅಲ್ಲಿ ಬೆಂಚ್ ಮೇಲೆ ಕೂತು ಇದೊಂದು ಅಂಕ ಓದಿ. ಆಮೇಲೂ ಅರ್ಜಿ ಹಾಕ್ಬೇಕು ಅನಿಸಿದ್ರೆ ನಾನೇ ಬರ್ಕೊಡ್ತೀನಿ.”

ಅವನು ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ಓದಿದ. ಒಳಗಿನಿಂದ ಪಾಠದ ಧ್ವನಿ ಬರುತ್ತಿತ್ತು. ನಾಲ್ಕನೆಯ ಅಂಕ ಚಿಕ್ಕದು, ಕತ್ತಲೆಯಲ್ಲಿ ಊರಿನ ದೋಣಿಗಳು ಬಂಡೆಗೆ ಬಡಿದು ಮುಳುಗುವಲ್ಲಿಗೆ ಮುಗಿಯುತ್ತಿತ್ತು. ಓದಿ ಮುಗಿಸಿ ಅವನು ಮುಂದಿನ ಹಾಳೆಗೂ ಹೋದ. ಎರಡು ಸಾಲಾಗಿ ನಿಂತ ಜನರ ನಡುವೆ ಕಾವಲುಗಾರ ಇಳಿದುಬರುವುದನ್ನು ಓದಿದ. ಕಾವಲುಗಾರ ಅಲ್ಲಿ ಒಂದೇ ಮಾತು ಆಡುತ್ತಿದ್ದ, ಹುಡುಗಿಯ ನೋಟ್ಸಿನಲ್ಲಿ ಅದಿರಲಿಲ್ಲ: “ಹೊತ್ತಿಗೆ ಸರಿಯಾಗಿ ಹಚ್ಚಿದೆ.” ಜನರನ್ನು ನೋಡಿ ಹೇಳುತ್ತಿದ್ದ ಮಾತು. ಪಾಠ ಮುಗಿದು ಮಕ್ಕಳು ಹೊರಬಂದರು. ಮೇಡಂ ಬಂದಾಗ ಪುಸ್ತಕ ಬೆಂಚಿನ ಮೇಲಿತ್ತು, ಅವನಿರಲಿಲ್ಲ.

ಅವನು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸ್ವಲ್ಪ ಹೊತ್ತಿನಲ್ಲಿ ಅಕ್ಕನೂ ಮಗಳೂ ಲಾಂಡ್ರಿಯಿಂದ ಬಂದರು. ಮಗಳ ಅಂಗೈ ಕೆಂಪಗೆ ಊದಿತ್ತು. ಸೋದರತ್ತೆ ಅದಕ್ಕೆ ಎಣ್ಣೆ ಸವರಿ, “ಮೊದಲು ಹಾಗೇ, ಆಮೇಲೆ ಚರ್ಮ ಸತ್ತು ಗಟ್ಟಿ ಆಗತ್ತೆ,” ಎಂದಳು. ಮೂವರೂ ಊಟಕ್ಕೆ ಕುಳಿತರು.

“ನಾಲ್ಕನೇ ಅಂಕ ಓದ್ಕೊಂಡು ಬಂದೆ,” ಎಂದ ತಂದೆ.

ಬಡಿಸುತ್ತಿದ್ದ ಸೋದರತ್ತೆಯ ಕೈ ನಿಂತಿತು.

“ನಿನಗೆ ಗೊತ್ತಾಗಿತ್ತಾ?” ಎಂದು ಅವನು ಮಗಳನ್ನು ಕೇಳಿದ.

“ಹೂಂ. ಪ್ರಶ್ನೆಪತ್ರಿಕೆಯಲ್ಲೇ ಇತ್ತು.”

“ಬಂದ ದಿನ ಯಾಕೆ ಹೇಳಲಿಲ್ಲ?”

ಮಗಳು ತಟ್ಟೆ ನೋಡುತ್ತಿದ್ದಳು. ಅವನು ನೀರಿನ ಲೋಟವನ್ನು ಮೇಜಿನ ಅಂಚಿಗೆ ಸಮನಾಗಿ ಸರಿಸಿದ, ಮತ್ತೆ ಸರಿಸಿದ. ಅವನ ಮುಂದಿನ ಮಾತು ಬಹಳ ಮೆಲ್ಲಗಿತ್ತು.

“ಅವತ್ತು ಆಸ್ಪತ್ರೆಯಲ್ಲಿ ಅವಳು ನನ್ನನ್ನ ಕೇಳಿದ್ಲಾ?”

ಅಕ್ಕ ತಮ್ಮನ ಮುಖ ನೋಡಲಿಲ್ಲ. ಸೌಟನ್ನು ಪಾತ್ರೆಯೊಳಗಿಟ್ಟು, ಮುಚ್ಚಳ ಮುಚ್ಚಿ, ಅದು ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು.

“ಊಟ ಮಾಡಿ, ಅಪ್ಪಾ. ಆರಿಹೋಗತ್ತೆ,” ಎಂದಳು ಮಗಳು.

ಅವನು ಅವರಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ಆಮೇಲೆ ತಟ್ಟೆಗೆ ಕೈ ಹಾಕಿದ.